ವಿಶ್ವವಿದ್ಯಾಲಯದ ಕಾಯಿದೆಗಳೂ ಹಳ್ಳಿಗಾಡಿನ ಕಾಲೇಜುಗಳೂ

ದಾನಗಳಲ್ಲೆಲ್ಲ ವಿದ್ಯಾದಾನವೇ ಶ್ರೇಷ್ಠವೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಆದರೆ ಈ ಕಾಲದಲ್ಲಿ ವಿದ್ಯಾದಾನ ಮಾಡಬೇಕೆನ್ನುವವರಿಗೆ ಧನ, ಸ್ಥಳ, ಸದಿಚ್ಛೆಗಳಿದ್ದರೆ ಸಾಲದು. ಭಕ್ತರು ಭೂಮಿ ಕೊಟ್ಟು, ಕಟ್ಟಡ ಕಟ್ಟಿಸಿ, ಅಧ್ಯಾಪಕರನ್ನು ನೇಮಿಸಿದ ಮಾತ್ರಕ್ಕೆ ಅದು ಕಾಲೇಜಾಗುವುದಿಲ್ಲ. ವಿಶ್ವವಿದ್ಯಾಲಯವೊಂದರ ಸಂಯೋಜನೆ ದೊರೆತಾಗಲೇ ಅಲ್ಲಿ ಕಲಿತವರಿಗೆ ಪದವಿ ಲಭಿಸುತ್ತದೆ. ಈ ಸಂಯೋಜನೆಯನ್ನು ಕೊಡುವ ಅಧಿಕಾರ ಯಾರಲ್ಲಿದೆ, ಅದು ಅವರ ಕೈಗೆ ಹೇಗೆ ಬಂದಿತು ಎಂಬುದು ಕೇವಲ ಪಂಡಿತರ ಚರ್ಚೆಯಲ್ಲ. ಅಣ್ಣಿಗೇರಿ ಸೀಮೆಯ ಶಲವಡಿಯಂಥ ಊರಿನ ರೈತನ ಮಗಳು ಮನೆಯಿಂದ ಹೋಗಿ ಬಂದು ಬಿ.ಎ. ಓದಬಲ್ಲಳೋ, ಅಥವಾ ಹತ್ತಿರದ ಕಾಲೇಜು ಮುಚ್ಚಿ ಅವಳ ಓದೇ ನಿಂತುಹೋಗುವುದೋ ಎಂಬುದು ಈ ಪ್ರಶ್ನೆಯನ್ನೇ ಅವಲಂಬಿಸಿದೆ. ಆದುದರಿಂದ ವಾಚಕರು ಇದರ ಇತಿಹಾಸವನ್ನು ಸ್ವಲ್ಪ ತಾಳ್ಮೆಯಿಂದ ಅವಲೋಕಿಸಬೇಕೆಂದು ವಿನಂತಿಸುತ್ತೇವೆ.

1854ರ ವುಡ್ಡನ ಶಿಕ್ಷಣ ಪತ್ರದ ಸಲಹೆಯಂತೆ 1857ರಲ್ಲಿ ಕಲಕತ್ತೆ, ಮುಂಬಯಿ, ಮದರಾಸುಗಳಲ್ಲಿ ವಿಶ್ವವಿದ್ಯಾಲಯಗಳು ಸ್ಥಾಪನೆಯಾದವು. ಇವುಗಳಿಗೆ ಆದರ್ಶ ಲಂಡನ್ ವಿಶ್ವವಿದ್ಯಾಲಯ. ಪಾಠ ಹೇಳುವುದು ಕಾಲೇಜಿನ ಹೊಣೆ. ಪರೀಕ್ಷಿಸಿ ಪದವಿ ಕೊಡುವುದು ವಿಶ್ವವಿದ್ಯಾಲಯದ ಹೊಣೆ. ಧಾರವಾಡವು ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಮ್ಯಾಟ್ರಿಕ್ ಮುಗಿಸಿದ ನಮ್ಮ ಭಾಗದ ತರುಣರು ಮುಂದಿನ ಓದಿಗೆ ಪುಣೆಗೋ ಮುಂಬಯಿಗೋ ಹೋಗಬೇಕಾಗಿತ್ತು. ಅನುಕೂಲಸ್ಥರು ಹೋದರು; ಬಡವರ ಮಕ್ಕಳು ಊರಲ್ಲೇ ಉಳಿದರು. ರೊದ್ದ ಶ್ರೀನಿವಾಸರಾಯರು, ಅರಟಾಳ ರುದ್ರಗೌಡರು ಮೊದಲಾದವರ ದೀರ್ಘ ಪ್ರಯತ್ನದ ಫಲವಾಗಿ 1917ರಲ್ಲಿ ಧಾರವಾಡಕ್ಕೆ ಕರ್ನಾಟಕ ಕಾಲೇಜು ಬಂದಿತು. ಮುರುಘಾಮಠದ ಶ್ರೀ ಮೃತ್ಯುಂಜಯ ಅಪ್ಪಗಳು ಪ್ರಸಾದನಿಲಯವನ್ನು ನಡೆಸಿ ಹಳ್ಳಿಯ ಮಕ್ಕಳಿಗೆ ಆ ಪಟ್ಟಣದಲ್ಲಿ ಅನ್ನ, ಆಶ್ರಯಗಳನ್ನಿತ್ತರು. 1916ರಲ್ಲಿ ಬೆಳಗಾವಿಯಲ್ಲಿ ಹುಟ್ಟಿದ ಕೆ.ಎಲ್.ಇ. ಸಂಸ್ಥೆಯು 1933ರಲ್ಲಿ ಲಿಂಗರಾಜ ಕಾಲೇಜನ್ನು ತೆರೆಯಿತು. ಇವೆಲ್ಲವೂ ಮುಂಬಯಿ ವಿಶ್ವವಿದ್ಯಾಲಯದ ನಿಯಮಗಳಿಗೆ ಒಳಪಟ್ಟೇ ಬೆಳೆದವು.

ಆ ನಿಯಮಗಳ ಮೂಲ ಲಾರ್ಡ್ ಕರ್ಜನ್ನನ ಕಾಲದ 1904ರ ಭಾರತೀಯ ವಿಶ್ವವಿದ್ಯಾಲಯಗಳ ಕಾಯಿದೆಯಲ್ಲಿದೆ. ಇದನ್ನು ವಾಚಕರು ವಿಶೇಷವಾಗಿ ಗಮನಿಸಬೇಕು. ಸಂಯೋಜನೆ ಬೇಡುವ ಕಾಲೇಜಿಗೆ ಕ್ರಮಬದ್ಧವಾದ ಆಡಳಿತ ಮಂಡಳಿ ಇರಬೇಕು. ಯೋಗ್ಯ ಅಧ್ಯಾಪಕರು, ತಕ್ಕ ಕಟ್ಟಡ, ಗ್ರಂಥಾಲಯ, ವಿಜ್ಞಾನ ಕಲಿಸುವುದಾದರೆ ಪ್ರಯೋಗಾಲಯ, ಸಂಸ್ಥೆ ನಿರಂತರವಾಗಿ ನಡೆಯುವಷ್ಟು ಹಣದ ಬೆಂಬಲ ಇರಬೇಕು ಎಂದು ಅದು ವಿಧಿಸಿತು. ಅರ್ಜಿ ಬಂದ ಮೇಲೆ ಸಿಂಡಿಕೇಟು ಸ್ಥಳೀಯ ವಿಚಾರಣೆ ನಡೆಸಬೇಕು. ಸೆನೆಟ್ಟು ತನ್ನ ಅಭಿಪ್ರಾಯವನ್ನು ದಾಖಲಿಸಬೇಕು. ಕೊನೆಗೆ ಕಾಗದಪತ್ರಗಳೆಲ್ಲ ಸರಕಾರಕ್ಕೆ ಹೋಗಿ, ಕೊಡುವ ಅಥವಾ ನಿರಾಕರಿಸುವ ಆಜ್ಞೆ ಅಲ್ಲಿಂದಲೇ ಹೊರಡಬೇಕು. ಮುಂಬಯಿಯಂಥ ಹಳೆಯ ವಿಶ್ವವಿದ್ಯಾಲಯದ ಸೆನೆಟ್ಟಿನಲ್ಲಿ ಹೆಚ್ಚೆಂದರೆ 100 ಫೆಲೋಗಳು. ಅವರಲ್ಲಿ 10 ಮಂದಿಯನ್ನು ನೋಂದಾಯಿತ ಪದವೀಧರರೂ 10 ಮಂದಿಯನ್ನು ವಿದ್ಯಾನಿಕಾಯಗಳೂ ಆರಿಸಬೇಕು. ಉಳಿದವರೆಲ್ಲ ಕುಲಾಧಿಪತಿಗಳ ನಾಮಕರಣ. ವಿಶ್ವವಿದ್ಯಾಲಯವು ಸರಕಾರದ ಒಂದು ಇಲಾಖೆಯಂತಾಗುವುದೆಂದು ಗೋಪಾಲಕೃಷ್ಣ ಗೋಖಲೆಯವರು ಇದನ್ನು ಬಲವಾಗಿ ವಿರೋಧಿಸಿದರು.

ಸ್ವಾತಂತ್ರ್ಯಾನಂತರ ನಮ್ಮ ಜನರ ಬಹುದಿನದ ಬಯಕೆ ಈಡೇರಿತು. ಮುಂಬಯಿ ವಿಧಾನಮಂಡಲದ ಕಾಯಿದೆಯಿಂದ 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಸ್ಥಾಪಿತವಾಗಿ ಧಾರವಾಡದಲ್ಲಿ ನೆಲೆಗೊಂಡಿತು. ಏಕೀಕರಣವಾದ ಮೇಲೆ ಕಲಬುರ್ಗಿ ಭಾಗದ ಕಾಲೇಜುಗಳೂ ಇದರ ಆಶ್ರಯಕ್ಕೆ ಬಂದವು. 1954ರಿಂದ 1967ರವರೆಗೆ ಕುಲಪತಿಗಳಾಗಿದ್ದ ಡಾ. ಡಿ.ಸಿ. ಪಾವಟೆಯವರು ಅದಕ್ಕೆ ಗಟ್ಟಿಯಾದ ಅಡಿಪಾಯ ಹಾಕಿದರು. ಪುಣೆಯ ದಾರಿ ಹಿಡಿಯಬೇಕಾಗಿದ್ದ ಹುಡುಗನು ಧಾರವಾಡದಲ್ಲಿ, ಹುಬ್ಬಳ್ಳಿ-ಗದಗುಗಳಲ್ಲಿ, ಕಾಲಕ್ರಮದಲ್ಲಿ ತನ್ನ ತಾಲೂಕಿನ ಪಟ್ಟಣದಲ್ಲಿಯೇ ಕಲಿಯುವಂತಾಯಿತು.

ಮೈಸೂರು, ಕರ್ನಾಟಕ, ಬೆಂಗಳೂರು ವಿಶ್ವವಿದ್ಯಾಲಯಗಳಿಗೆ ಬೇರೆ ಬೇರೆ ಕಾಯಿದೆಗಳಿದ್ದವು. ಇವನ್ನೆಲ್ಲ ಒಂದೇ ಚೌಕಟ್ಟಿಗೆ ತಂದುದು 1976ರ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯಿದೆ. ಅದರಲ್ಲಿ ಸೆನೆಟ್ಟು ಉಳಿದಿತ್ತು. 1980ರಲ್ಲಿ ಗುಲಬರ್ಗಾ, ಮಂಗಳೂರು ವಿಶ್ವವಿದ್ಯಾಲಯಗಳು ಹುಟ್ಟಿದವು. ಅನಂತರ 2001ರಲ್ಲಿ ಜಾರಿಗೆ ಬಂದ 2000ದ ಕಾಯಿದೆಯು ಸೆನೆಟ್ಟನ್ನು ಕೈಬಿಟ್ಟು, ಸಿಂಡಿಕೇಟು ಮತ್ತು ವಿದ್ಯಾವಿಷಯಕ ಪರಿಷತ್ತುಗಳನ್ನು ಪ್ರಧಾನವಾಗಿರಿಸಿತು. ಸಿಂಡಿಕೇಟಿನಲ್ಲಿ ಸರಕಾರವೂ ಕುಲಾಧಿಪತಿಗಳೂ ನಾಮಕರಣ ಮಾಡಿದವರು ಹಲವರು. ಕುಲಪತಿಗಳನ್ನು ಶೋಧನಾ ಸಮಿತಿಯ ಪಟ್ಟಿಯಿಂದ ಕುಲಾಧಿಪತಿಗಳು ಸರಕಾರದ ಸಹಮತಿಯೊಡನೆ ನೇಮಿಸುತ್ತಾರೆ.

ಈಗ ಹಳತನ್ನೂ ಹೊಸದನ್ನೂ ಜೊತೆಗಿಟ್ಟು ನೋಡೋಣ. ಇಂದಿಗೂ ಕಾಲೇಜು ಅರ್ಜಿ ಹಾಕುತ್ತದೆ. ಸ್ಥಳೀಯ ವಿಚಾರಣಾ ಸಮಿತಿ ಬರುತ್ತದೆ. ವಿಶ್ವವಿದ್ಯಾಲಯ ಅಭಿಪ್ರಾಯ ಬರೆಯುತ್ತದೆ. ಸರಕಾರದ ಒಪ್ಪಿಗೆ ಬೇಕಾಗುತ್ತದೆ. ಕರ್ಜನ್ನನ ಕಾಲದ ಸೋಪಾನಗಳು ಹಾಗೆಯೇ ನಿಂತಿವೆ. ನಡುವೆ ತೆಗೆದುಹಾಕಿದ್ದು ಸೆನೆಟ್ಟಿನ ಮೆಟ್ಟಿಲೊಂದನ್ನೇ. ಪರಕೀಯ ಸರಕಾರವು ಸಂಕೋಚದಿಂದಲಾದರೂ ಪದವೀಧರರಿಗೆ ಕೊಟ್ಟಿದ್ದ ಮಾತಿನ ಹಕ್ಕನ್ನು ಸ್ವಕೀಯ ಸರಕಾರವು ಹಿಂದಕ್ಕೆ ಪಡೆಯಿತೆಂದರೆ ಅತಿಶಯೋಕ್ತಿಯಾಗಲಾರದು. ಹಾಗೆಂದು ಸೆನೆಟ್ಟಿನಲ್ಲಿ ದೋಷಗಳೇ ಇರಲಿಲ್ಲವೆಂದು ನಾವು ಹೇಳುವುದಿಲ್ಲ. ದೊಡ್ಡ ಸಭೆಯಲ್ಲಿ ನಿರ್ಣಯ ನಿಧಾನವಾಗುತ್ತದೆ; ಚುನಾವಣೆಯಿರುವಲ್ಲಿ ಪಕ್ಷ, ಜಾತಿಗಳ ಗುಂಪುಗಾರಿಕೆ ನುಸುಳುತ್ತದೆ. ಆದರೆ ಕಣ್ಣಿಗೆ ಹೂ ಬಿದ್ದರೆ ವೈದ್ಯನಲ್ಲಿಗೆ ಹೋಗುತ್ತೇವೆ, ಕಣ್ಣನ್ನೇ ಕೀಳಿಸುವುದಿಲ್ಲ.

ಈ ಮಾತಿನ ತುರ್ತು ಈಗ ಹೆಚ್ಚಿದೆ. ವಿಶ್ವವಿದ್ಯಾಲಯಗಳ ಎಲ್ಲೆಗಳು ಪದೇ ಪದೇ ಬದಲಾಗಿವೆ. 2010ರಲ್ಲಿ ಬೆಳಗಾವಿಯಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಬೇರ್ಪಟ್ಟಿತು. 2023ರಲ್ಲಿ ಹಾವೇರಿ ವಿಶ್ವವಿದ್ಯಾಲಯ ಆರಂಭವಾಯಿತು. ಎರಡೇ ವರ್ಷಗಳಲ್ಲಿ, 2025ರ ಫೆಬ್ರವರಿಯಲ್ಲಿ, ಹಾವೇರಿಯೂ ಸೇರಿ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚಬೇಕೆಂದು ಸಚಿವ ಸಂಪುಟದ ಉಪಸಮಿತಿ ಶಿಫಾರಸು ಮಾಡಿತು. ಹುಟ್ಟಿಸುವಾಗಲೂ ಮುಚ್ಚುವ ಮಾತಾಡುವಾಗಲೂ ಆ ಕಾಲೇಜುಗಳ ಅಧ್ಯಾಪಕರು, ಹಳೆಯ ವಿದ್ಯಾರ್ಥಿಗಳು, ಪಾಲಕರು ಕಾಯಿದೆಬದ್ಧವಾಗಿ ಕುಳಿತು ಮಾತಾಡುವ ಸಭೆಯೊಂದಿರಲಿಲ್ಲ. ಇತ್ತ 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಸಂಯೋಜನಾ ಪದ್ಧತಿಯನ್ನೇ 15 ವರ್ಷಗಳಲ್ಲಿ ಹಂತಹಂತವಾಗಿ ಕೊನೆಗಾಣಿಸಿ, ಕಾಲೇಜುಗಳು ಸ್ವಾಯತ್ತವಾಗಬೇಕೆಂದು ಹೇಳಿತು. ಸ್ವಾಯತ್ತತೆ ಹೊಸ ವಿಚಾರವಲ್ಲ. 1964-66ರ ಕೊಠಾರಿ ಆಯೋಗವೂ ಅದನ್ನು ಸೂಚಿಸಿತ್ತು. ನಗರದ ದೊಡ್ಡ ಕಾಲೇಜಿಗೆ ಅದು ಭೂಷಣವೇ ಸರಿ. ಆದರೆ ಎರೆಭೂಮಿಯ ಊರುಗಳ ಮಕ್ಕಳನ್ನು ನಂಬಿ ನಡೆಯುವ, ಬೆರಳೆಣಿಕೆಯ ಅಧ್ಯಾಪಕರ ಚಿಕ್ಕ ಕಾಲೇಜು ತಾನೇ ಪಠ್ಯ ರಚಿಸಿ, ತಾನೇ ಪರೀಕ್ಷೆ ನಡೆಸಿ, ತನ್ನ ಪದವಿಗೆ ಬೆಲೆ ತಂದುಕೊಳ್ಳುವುದೆಂತು? ಸ್ವಾಯತ್ತತೆಯ ಹೆಸರಿನಲ್ಲಿ ಅದು ಅನಾಥವಾಗಬಾರದು.

ಆದಕಾರಣ ಭಕ್ತರಲ್ಲಿಯೂ ಮಠದ ಹಳೆಯ ವಿದ್ಯಾರ್ಥಿಗಳಲ್ಲಿಯೂ ಎರಡು ಮಾತುಗಳನ್ನು ನಿವೇದಿಸುತ್ತೇವೆ. ಮೊದಲನೆಯದು ನಮ್ಮ ಕರ್ತವ್ಯ. ಮಠಗಳೂ ಸಂಘಗಳೂ ನಡೆಸುವ ಕಾಲೇಜುಗಳಿಗೆ ವಿಚಾರಣಾ ಸಮಿತಿ ಬಂದಾಗ ಹಾರ-ಶಾಲುಗಳ ಸತ್ಕಾರವೇ ಮುಖ್ಯವಾಗಬಾರದು. ಗ್ರಂಥಾಲಯದ ಬಾಗಿಲು ತೆರೆದಿರಬೇಕು. ಅಂದು ಒಂದು ದಿನದ ಮಟ್ಟಿಗೆ ಪುಸ್ತಕಗಳನ್ನು ಎರವಲು ತಂದು ಜೋಡಿಸುವ ಸಂಸ್ಥೆಗೆ ಸರಕಾರದ ಹಸ್ತಕ್ಷೇಪವನ್ನು ದೂರುವ ನೈತಿಕ ಅಧಿಕಾರವಿಲ್ಲ. ಎರಡನೆಯದು ನಮ್ಮ ಹಕ್ಕು. ಮುಂದೆ ವಿಶ್ವವಿದ್ಯಾಲಯದ ಕಾಯಿದೆಗೆ ತಿದ್ದುಪಡಿ ಬರುವಾಗ, ಗ್ರಾಮೀಣ ಕಾಲೇಜುಗಳ ಅಧ್ಯಾಪಕರಿಗೂ ಪದವೀಧರರಿಗೂ ಚುನಾಯಿತ ಪ್ರಾತಿನಿಧ್ಯ ಬೇಕೆಂದು, ಚಿಕ್ಕ ಕಾಲೇಜುಗಳು ಒಂದಾಗಿ ನಿಲ್ಲಲು ವಿಶ್ವವಿದ್ಯಾಲಯದ ಆಸರೆ ಬೇಕೆಂದು ನಮ್ಮ ಶಾಸಕರನ್ನು ಕೇಳಬೇಕು. ಧಾರವಾಡದ ಪದವಿ ಪಡೆದವರು ಶಲವಡಿಯಲ್ಲೂ ಇದ್ದಾರೆ. ಅವರು ಕಾಯಿದೆಯನ್ನು ಓದಿ, ಊರವರಿಗೆ ತಿಳಿಸಿ, ಸಹಿ ಮಾಡಿದ ಮನವಿಯೊಂದನ್ನು ಕಳಿಸಿದರೆ, ತಾವು ಪಡೆದ ವಿದ್ಯೆಯ ಋಣವನ್ನು ಅಷ್ಟರಮಟ್ಟಿಗೆ ತೀರಿಸಿದಂತಾಗುವುದು.