ಅರಳೆ ಇಳಿದ ಘಟ್ಟ

ನಮ್ಮ ಬಾಗಳಿಯ ಕಲ್ಲೇಶ್ವರ ದೇವಾಲಯದಲ್ಲಿ ಶಾಸನಗಳಿಗೆ ಕೊರತೆಯಿಲ್ಲ. ಯಾರು ದತ್ತಿ ಬಿಟ್ಟರು, ಯಾವ ಅರಸನ ಕಾಲದಲ್ಲಿ ಬಿಟ್ಟರು ಎಂಬುದನ್ನು ಶತಮಾನಗಳು ಕಳೆದ ಮೇಲೂ ಆ ಕಲ್ಲುಗಳು ಹೇಳುತ್ತಿವೆ. ದಾರಿಗಳಿಗೆ ಈ ಭಾಗ್ಯವಿಲ್ಲ. ಎತ್ತಿನ ಗೊರಸಿನ ಗುರುತನ್ನು ಮುಂದಿನ ಮಳೆಗಾಲ ಅಳಿಸಿಬಿಡುತ್ತದೆ. ಆದರೂ ಒಂದು ಘಟ್ಟದ ದಾರಿ ತನ್ನ ನೆನಪನ್ನು ಒಂದು ಬೆಳೆಯ ಹೆಸರಿನಲ್ಲಿ ಉಳಿಸಿಹೋಗಿದೆ. ಶಿರಸಿಯಿಂದ ಕುಮಟೆಗೆ ಇಳಿಯುವ ದೇವಿಮನೆ ಘಟ್ಟದ ದಾರಿಯದು.

ಹತ್ತಿಯ ವ್ಯಾಪಾರಿಗಳೂ ಕೃಷಿ ವಿಜ್ಞಾನಿಗಳೂ ‘ಕುಮಟಾ ಹತ್ತಿ’ ಎಂದು ಕರೆದ ಬಗೆಯೊಂದುಂಟು. ಹೆಸರು ಕೇಳಿದವರು ಅದನ್ನು ಕಡಲ ತಡಿಯ ಬೆಳೆಯೆಂದೇ ಭಾವಿಸಿಯಾರು. ಆದರೆ ಕುಮಟೆಯದು ಭತ್ತ, ತೆಂಗು, ಅಡಕೆಗಳ ಸೀಮೆ. ಈ ಹತ್ತಿ ಬೆಳೆದದ್ದು ಧಾರವಾಡದ ಮತ್ತು ಅದರ ಆಸುಪಾಸಿನ ಎರೆಭೂಮಿಯಲ್ಲಿ. ಬೆಳೆದ ನೆಲದ ಹೆಸರು ಹಿಂದಾಯಿತು; ಹಡಗನ್ನೇರಿದ ಬಂದರಿನ ಹೆಸರು ಅಂಟಿಕೊಂಡಿತು. ಎರಡರ ನಡುವೆ ಇದ್ದದ್ದು ಸಹ್ಯಾದ್ರಿ.

ಗಾಡಿದಾರಿಗಳಿಗೆ ಮುಂಚೆ ಘಟ್ಟಗಳಲ್ಲಿ ನಡೆದವು ಹೇರೆತ್ತುಗಳು. ಉಪ್ಪನ್ನೂ ದವಸವನ್ನೂ ನಾಡಿನಿಂದ ನಾಡಿಗೆ ಸಾಗಿಸಿದವರಲ್ಲಿ ಲಂಬಾಣಿಗಳು ಪ್ರಮುಖರು. ‘ಲವಣ’ದಿಂದಲೇ ಅವರಿಗೆ ಆ ಹೆಸರು ಬಂತೆನ್ನುವವರೂ ಇದ್ದಾರೆ. ಹರಪನಹಳ್ಳಿ, ಹಡಗಲಿಗಳ ತಾಂಡಾಗಳನ್ನು ಕಂಡ ನಮಗೆ ಇದು ದೂರದ ಕಥೆಯಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಘಟ್ಟಕ್ಕೆ ಗಾಡಿದಾರಿಯಾಯಿತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹೊತ್ತಿತು. ಅಲ್ಲಿನ ಹತ್ತಿ ನಿಂತು ಲ್ಯಾಂಕಶೈರಿನ ಗಿರಣಿಗಳು ಭಾರತದತ್ತ ನೋಡಿದವು. 1862ರಲ್ಲಿ ಉತ್ತರ ಕನ್ನಡವು ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಹತ್ತಿಯ ಹೊಲವೂ ಅದರ ಬಂದರೂ ಒಂದೇ ಆಡಳಿತಕ್ಕೆ ಬಂದವು.

ಗಾಡಿಯವನಿಗೆ ಇದ್ದ ಅವಧಿ ಮಾತ್ರ ಕಿರಿದು. ಎರೆಹೊಲದ ಹತ್ತಿ ಕೈಗೆ ಬರುವುದು ಬೇಸಗೆಯ ಮೊದಲಲ್ಲಿ. ಜೂನ್ ತಿಂಗಳಿಗೆ ಮುಂಗಾರು ಕಡಲನ್ನು ಮುಚ್ಚುತ್ತದೆ. ಹಾಯಿಹಡಗುಗಳು ದಡ ಸೇರುತ್ತವೆ. ಅಷ್ಟರೊಳಗೆ ಅರಳೆ ಘಟ್ಟ ಇಳಿಯಬೇಕು. ಘಟ್ಟದ ಬುಡದ ಸೀಮೆಯಲ್ಲಿ, ಸಾಣಿಕಟ್ಟೆಯ ಗದ್ದೆಗಳಲ್ಲಿ, ಉಪ್ಪು ಬೆಳೆಯುತ್ತಿತ್ತು. ಕೆಳಗಿಳಿದದ್ದು ಬಯಲಿನ ಬಿಳುಪು, ಮೇಲೇರಿದ್ದು ಕಡಲಿನ ಬಿಳುಪು.

ನಾನು ಈ ದಾರಿಯಲ್ಲಿ ಹಲವು ಸಲ ಇಳಿದಿದ್ದೇನೆ. ಶಿರಸಿಯ ಅಡಕೆ ತೋಟಗಳು ಹಿಂದಾಗಿ ಕಾಡು ದಟ್ಟವಾಗುತ್ತದೆ. ದೇವಿಯ ಗುಡಿಯ ಮುಂದೆ ವಾಹನಗಳು ಕ್ಷಣಕಾಲ ನಿಲ್ಲುತ್ತವೆ. ಹಣ್ಣುಕಾಯಿಯೋ ಒಂದು ನಾಣ್ಯವೋ ಸಂದ ಮೇಲೆ ಇಳಿಜಾರು. ತಿರುವು ತಿರುವಿಗೂ ಕಣಿವೆ ಒಮ್ಮೆ ತೆರೆದು ಒಮ್ಮೆ ಮಂಜಿನಲ್ಲಿ ಮುಚ್ಚುತ್ತದೆ. ಕತಗಾಲ ಸಮೀಪಿಸಿದಂತೆ ಗಾಳಿ ಭಾರವಾಗುತ್ತದೆ, ತೆಂಗು ಕಾಣುತ್ತದೆ. ಮರವೇ ವಿರಳವಾದ ಬಯಲಿನ ಗಾಡಿಯವನಿಗೆ ಈ ಕತ್ತಲೆಗಾಡು ಚೆಲುವಾಗಿ ಕಂಡಿತೆ? ಹುಲಿಯ ಭಯ, ಚಳಿಜ್ವರದ ಭಯ, ಇಳಿಜಾರಿನಲ್ಲಿ ನೊಗ ಎತ್ತಿನ ಕೊರಳನ್ನು ಒತ್ತುವ ಸಂಕಟ ಅವನವು. ಗುಡಿಯ ಮುಂದೆ ಅವನು ಕೈಮುಗಿದದ್ದು ನೋಟಕ್ಕಾಗಿ ಅಲ್ಲ.

1880ರ ದಶಕದ ಕೊನೆಗೆ ಕ್ಯಾಸಲ್‌ರಾಕ್ ಮಾರ್ಗವಾಗಿ ಮರ್ಮಗೋವೆಗೆ ರೈಲು ಓಡಿತು. ಹತ್ತಿ ಹಳಿಯ ದಾರಿ ಹಿಡಿಯಿತು. ಕುಮಟೆಯ ಬಂದರು ಸೊರಗಿತು. ಆದರೆ ಹತ್ತಿಯ ಹೆಸರು ಇಪ್ಪತ್ತನೆಯ ಶತಮಾನದಲ್ಲಿಯೂ ಉಳಿಯಿತು. ಈಗ ಈ ದಾರಿ ರಾಷ್ಟ್ರೀಯ ಹೆದ್ದಾರಿ 766ಇ. ಅಗಲಗೊಳಿಸಲು ಗುಡ್ಡ ಕಡಿದಿದ್ದಾರೆ, ಮರಗಳು ಉರುಳಿವೆ. ಹಳೆಯ ಗಾಡಿದಾರಿಯ ಅಂಕುಡೊಂಕು ಅಳಿಯುವ ಮುನ್ನ ಅದರ ಚರಿತ್ರೆಯನ್ನು ಯಾರಾದರೂ ಬರೆದಿಡಬೇಕು. ದತ್ತಿ ಬಿಟ್ಟವರಿಗೆ ಕಲ್ಲುಂಟು; ಹೊರೆ ಹೊತ್ತವರಿಗೆ ಇಷ್ಟಾದರೂ ಸಲ್ಲಬೇಕು.