ಲ್ಯಾಪ್‌ಟಾಪಿನ ಬಿಡಿಭಾಗಗಳಿಂದ ಮೇಜಿನ ಗಣಕ: ಮರುಬಳಕೆಯ ಇತಿಹಾಸಕ್ಕೊಂದು ಟಿಪ್ಪಣಿ

ಯಂತ್ರಗಳ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಅವುಗಳ ಹುಟ್ಟನ್ನು ವಿಸ್ತಾರವಾಗಿ ವರ್ಣಿಸಿ ಅಳಿವಿನ ವಿಷಯದಲ್ಲಿ ಮೌನ ತಾಳುತ್ತಾರೆ. ಒಂದು ಯಂತ್ರವು ಎಂದು, ಯಾವ ಕಾರಣದಿಂದ, ಯಾರ ನಿರ್ಣಯದಿಂದ ನಿರುಪಯುಕ್ತವೆನಿಸಿತೆಂಬುದೂ ಚರಿತ್ರೆಯ ಪ್ರಶ್ನೆಯೇ ಸರಿ. ೧೯೮೬ರಲ್ಲಿ ರಚಿತವಾದ ಬೆಂಗಳೂರು ಗ್ರಾಮಾಂತರ ಜಿಲ್ಲೆಯು ಇಂಥ ವಿಚಾರಕ್ಕೆ ತಕ್ಕ ಕ್ಷೇತ್ರವಾಗಿದೆ. ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆಯಲ್ಲಿ ೨೦೦೫ರಲ್ಲಿ ಕಾರ್ಯಾರಂಭ ಮಾಡಿದ ಇ-ಪರಿಸರ ಸಂಸ್ಥೆಯು ವಿದ್ಯುನ್ಮಾನ ತ್ಯಾಜ್ಯದ ಸಂಸ್ಕರಣೆಗಾಗಿ ನಮ್ಮ ದೇಶದಲ್ಲಿ ಮೊಟ್ಟಮೊದಲು ಸರಕಾರದ ಮನ್ನಣೆ ಪಡೆದದ್ದೆಂದು ಪ್ರಸಿದ್ಧವಾಗಿದೆ. ಅದೇ ಜಿಲ್ಲೆಯ ದೇವನಹಳ್ಳಿಯ ಬಳಿ ಫಾಕ್ಸ್‌ಕಾನ್ ಸಂಸ್ಥೆಯು ೨೦೨೫ರಲ್ಲಿ ಐಫೋನ್ ತಯಾರಿಕೆಯನ್ನು ಆರಂಭಿಸಿತು. ಹೊಸದರ ನಿರ್ಮಾಣಕ್ಕೂ ಹಳೆಯದರ ವಿಸರ್ಜನೆಗೂ ನಡುವೆ ಮೂರನೆಯ ಮಾರ್ಗವೊಂದುಂಟು. ಅದು, ಕೆಟ್ಟ ಲ್ಯಾಪ್‌ಟಾಪಿನಲ್ಲಿ ಕೆಡದೆ ಉಳಿದ ಭಾಗಗಳನ್ನು ಜೋಡಿಸಿ ಮನೆಯಲ್ಲಿಯೇ ಮೇಜಿನ ಗಣಕವನ್ನು ಕಟ್ಟುವುದು. ಈ ಮಾರ್ಗವು ಹೇಗೆ ತೆರೆಯಿತು, ಈಗೇಕೆ ಕಿರಿದಾಗುತ್ತಿದೆ ಎಂಬುದನ್ನು ನಾವಿಲ್ಲಿ ಸಂಕ್ಷೇಪವಾಗಿ ಪರಿಶೀಲಿಸುತ್ತೇವೆ.

ದೊಡ್ಡಬಳ್ಳಾಪುರದ ನೇಕಾರರು ಲಾಳಿ ಸವೆದರೆ ಲಾಳಿಯನ್ನು ಬದಲಿಸುವರಲ್ಲದೆ ಮಗ್ಗವನ್ನೇ ಬಿಸುಡುವುದಿಲ್ಲ. ಗಣಕಕ್ಕೆ ಈ ಗುಣ ಬಂದದ್ದು ೧೯೮೧ರಲ್ಲಿ. ಆ ವರ್ಷ ಐಬಿಎಂ ಸಂಸ್ಥೆಯು ಹೊರತಂದ ವೈಯಕ್ತಿಕ ಗಣಕದ ರಚನಾವಿವರಗಳು ಪ್ರಕಟವಾದುದರಿಂದ, ಒಬ್ಬರ ಯಂತ್ರಕ್ಕೆ ಇನ್ನೊಬ್ಬರು ಮಾಡಿದ ಭಾಗವು ಹೊಂದತೊಡಗಿತು. ೧೯೯೫ರಲ್ಲಿ ಇಂಟೆಲ್ ಸಂಸ್ಥೆಯು ರೂಪಿಸಿದ ಎಟಿಎಕ್ಸ್ ಪ್ರಮಾಣವು ಮದರ್‌ಬೋರ್ಡಿನ ಅಳತೆಯನ್ನೂ ತಿರುಪು ಹಾಕುವ ಸ್ಥಾನಗಳನ್ನೂ ಗೊತ್ತುಪಡಿಸಿತು. ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯ ಅಂಗಡಿಗಳಲ್ಲಿ ಬಿಡಿಭಾಗಗಳನ್ನು ಕೊಂಡು ಗಣಕವನ್ನು ಜೋಡಿಸಿಕೊಳ್ಳುವ ರೂಢಿಗೆ ಈ ಏಕರೂಪತೆಯೇ ಆಧಾರವಾಯಿತು.

ಲ್ಯಾಪ್‌ಟಾಪು ಈ ಸಂಪ್ರದಾಯಕ್ಕೆ ಅರ್ಧ ಮಾತ್ರ ಸೇರಿದುದು. ಅದರ ಮದರ್‌ಬೋರ್ಡು, ಕೀಲಿಮಣೆ, ಕವಚಗಳು ಆಯಾ ಮಾದರಿಗೆ ಮಾತ್ರ ಹೊಂದುತ್ತವೆ. ಆದರೆ ೨.೫ ಅಂಗುಲದ ಹಾರ್ಡ್ ಡಿಸ್ಕಿಗೆ, ೨೦೦೩ರಿಂದ ಬಳಕೆಗೆ ಬಂದ ಸಾಟಾ ಜೋಡಣೆಯ ಮೂಲಕ, ಮೇಜಿನ ಗಣಕದಲ್ಲಿಯೂ ಸ್ಥಾನವುಂಟು. ಲ್ಯಾಪ್‌ಟಾಪಿನಲ್ಲಿ ಮೊದಲು ಕೈಕೊಡುವುವು ಬಹುಮಟ್ಟಿಗೆ ಕೀಲು, ಬ್ಯಾಟರಿ, ಪರದೆಗಳೇ ಆಗಿದ್ದು, ಮದರ್‌ಬೋರ್ಡು ಸುಸ್ಥಿತಿಯಲ್ಲಿಯೇ ಇರುವುದುಂಟು. ಅದನ್ನು ತಂಪುಗೊಳಿಸುವ ಫ್ಯಾನಿನೊಡನೆ ಹೊರತೆಗೆದು ಮರದ ಹಲಗೆಯ ಮೇಲೆ ಕೂರಿಸಿ, ಮೂಲ ಅಡಾಪ್ಟರಿನಿಂದ ವಿದ್ಯುತ್ತನ್ನು ಒದಗಿಸಿದರೆ, ಅನೇಕ ಮಾದರಿಗಳು ಬ್ಯಾಟರಿಯಿಲ್ಲದೆಯೂ ನಡೆಯುತ್ತವೆ. ಹೊರಗಿನ ಮಾನಿಟರು, ಯುಎಸ್‌ಬಿ ಕೀಲಿಮಣೆಗಳನ್ನು ಸೇರಿಸಿದಲ್ಲಿ ಗಣಕ ಸಿದ್ಧವಾಯಿತು. ಮದರ್‌ಬೋರ್ಡೇ ಕೆಟ್ಟು ಪರದೆ ಉಳಿದಿದ್ದರೆ, ಆ ಪರದೆಗೆ ಹೊಂದುವ ನಿಯಂತ್ರಕ ಫಲಕವೊಂದನ್ನು ಕೊಂಡು ಅದನ್ನೇ ಮಾನಿಟರಾಗಿ ಬಳಸಬಹುದು. ಉಬ್ಬಿದ ಲಿಥಿಯಂ ಬ್ಯಾಟರಿಯನ್ನು ಮಾತ್ರ ಬೆಂಕಿಯ ಭಯವಿರುವುದರಿಂದ ಮುಟ್ಟದೆ ಅಧಿಕೃತ ಸಂಗ್ರಹಕಾರರಿಗೆ ಒಪ್ಪಿಸತಕ್ಕದ್ದು.

ಈ ಅವಕಾಶವು ಎರಡು ಕಡೆಗಳಿಂದ ಕುಗ್ಗುತ್ತ ಬಂದಿದೆ. ಮೊದಲನೆಯದು ರಚನೆ. ೨೦೦೮ರ ಮ್ಯಾಕ್‌ಬುಕ್ ಏರ್‌ನಲ್ಲಿ ರ‍್ಯಾಮನ್ನು ಮದರ್‌ಬೋರ್ಡಿಗೇ ಬೆಸೆಯಲಾಗಿತ್ತು. ತೆಳುವಾದ ಯಂತ್ರಗಳಲ್ಲಿ ಈ ಪದ್ಧತಿಯು ಮುಂದೆ ವ್ಯಾಪಿಸಿತು. ಬೆಸೆದುದನ್ನು ಮನೆಯಲ್ಲಿ ಕಳಚುವುದು ಸುಲಭವಲ್ಲ. ಎರಡನೆಯದು ಕಾನೂನಿನ ದೃಷ್ಟಿ. ೨೦೧೧ರಲ್ಲಿ ಹೊರಟು ೨೦೧೨ರ ಮೇ ೧ರಿಂದ ಜಾರಿಗೆ ಬಂದ ನಿಯಮಗಳು ತ್ಯಾಜ್ಯದ ಹೊಣೆಯನ್ನು ತಯಾರಕರ ಮೇಲೆ ಹೊರಿಸಿದುವು. ಗುಜರಿಯವರು ತಂತಿಗಳನ್ನು ಸುಟ್ಟು, ಫಲಕಗಳನ್ನು ಆಮ್ಲದಲ್ಲಿ ಅದ್ದಿ ಲೋಹ ತೆಗೆಯುವ ಅಪಾಯಕರ ವಿಧಾನವನ್ನು ತಡೆಯಲು ಇದು ಅವಶ್ಯಕವಾಗಿತ್ತೆಂಬುದರಲ್ಲಿ ಸಂದೇಹವಿಲ್ಲ. ೨೦೨೩ರ ಏಪ್ರಿಲ್ ೧ರಿಂದ ಜಾರಿಯಲ್ಲಿರುವ ನಿಯಮಗಳು ದುರಸ್ತಿ ಮಾಡಿ ಮರುಬಳಕೆಗೆ ಕೊಡುವವರಿಗೂ ನೋಂದಣಿಯ ಸ್ಥಾನವನ್ನು ಕಲ್ಪಿಸಿವೆ. ಹೀಗಿದ್ದರೂ ಸಂಸ್ಕರಣೆಯ ಪ್ರಮಾಣಪತ್ರಗಳ ಲೆಕ್ಕವು ಚಿನ್ನ, ತಾಮ್ರ, ಅಲ್ಯೂಮಿನಿಯಂ, ಕಬ್ಬಿಣಗಳ ತೂಕವನ್ನು ಅವಲಂಬಿಸಿದೆ. ಆ ತಕ್ಕಡಿಯಲ್ಲಿ ನಡೆಯುವ ಮದರ್‌ಬೋರ್ಡಿಗೂ ಸುಟ್ಟ ಮದರ್‌ಬೋರ್ಡಿಗೂ ವ್ಯತ್ಯಾಸವಿಲ್ಲ.

ವಿಂಡೋಸ್ ೧೦ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯು ನೀಡುತ್ತಿದ್ದ ಸಾಮಾನ್ಯ ಬೆಂಬಲವು ೨೦೨೫ರ ಅಕ್ಟೋಬರ್ ೧೪ರಂದು ಕೊನೆಗೊಂಡಿತು. ಮುಂದಿನ ಆವೃತ್ತಿಯ ನಿಬಂಧನೆಗಳಿಗೆ ಒಳಪಡದ ಅಸಂಖ್ಯ ಯಂತ್ರಗಳು, ಯಾವ ಭಾಗವೂ ಕೆಡದಿದ್ದರೂ, ಹಳತೆನಿಸಿದುವು. ಇವುಗಳಲ್ಲಿ ಹಲವನ್ನು ಗ್ನೂ-ಲಿನಕ್ಸ್ ಮೊದಲಾದ ಮುಕ್ತ ತಂತ್ರಾಂಶಗಳಿಂದ ಮುಂದೆಯೂ ನಡೆಸಬಹುದು. ಆದಕಾರಣ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳ ಕಾಲೇಜುಗಳು ತಮ್ಮ ಹಳೆಯ ಲ್ಯಾಪ್‌ಟಾಪುಗಳನ್ನು ತೂಕಕ್ಕೆ ಹಾಕುವ ಮುನ್ನ ಒಮ್ಮೆ ಪರೀಕ್ಷಿಸುವುದು ಯುಕ್ತ. ಪ್ರತಿಯೊಂದರ ಮಾದರಿ, ಕೊಂಡ ವರ್ಷ, ಕೆಟ್ಟ ಭಾಗ, ಉಳಿದ ಭಾಗ, ವಿಲೇವಾರಿಯ ಕಾರಣ ಎಂಬ ಐದು ಸಂಗತಿಗಳನ್ನು ವಿದ್ಯಾರ್ಥಿಗಳಿಂದ ಬರೆಯಿಸಿಡಬೇಕು. ಉಳಿದ ಭಾಗಗಳಿಂದ ಪ್ರಯೋಗಶಾಲೆಗೆ ಕೆಲವು ಗಣಕಗಳು ದೊರೆಯುವುವು. ಯಂತ್ರಗಳು ಸವೆದು ಅಳಿದುವೋ ಅಥವಾ ಸವೆಯುವ ಮೊದಲೇ ತ್ಯಕ್ತವಾದುವೋ ಎಂಬ ಪ್ರಶ್ನೆಗೆ ಮುಂದಿನ ಸಂಶೋಧಕರಿಗೆ ಆಧಾರವೂ ದೊರೆಯುವುದು.