ಗೌರಿಯ ಕಿವಿಯೋಲೆ: ನಮ್ಮ ಕಡೆ ಜಾನುವಾರು ವಿಮೆಯ ಕಥೆ

(1/6)
ಮೊದಲನೇ ಫೋಟೋ ಸ್ವಲ್ಪ ಜೂಮ್ ಮಾಡಿ ನೋಡಿ. ನಮ್ಮ ಮನೆ ಹಸು ಗೌರಿ. ಕಿವೀಲಿ ಹಳದಿ ಓಲೆ, ಅದರ ಮೇಲೆ 12 ಅಂಕಿ. ಹೋದ ವಾರ ನಮ್ಮ ಕ್ಲಾಸಿನವಳೊಬ್ಬಳು "ನಮ್ಮ ನಾಯಿಗೆ ಹೆಲ್ತ್ ಇನ್ಶೂರೆನ್ಸ್ ಮಾಡಿಸ್ಬೇಕು ಕಣ್ರೇ, ಯಾವುದು ಒಳ್ಳೇದು?" ಅಂದಾಗ ಹಿಂದಿನ ಬೆಂಚೆಲ್ಲ ನಕ್ಕಿತು. ನಗಬೇಡಿ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಹಟ್ಟಿಗಳಿಗೆ ಈ ಪ್ರಶ್ನೆ ಹೊಸದೇನಲ್ಲ. ಪ್ರಾಣಿ ಹೋದರೆ ಮನೆ ನಡೆಯೋದು ಹೇಗೆ?

(2/6)
ವಿಮೆ ಬರೋದಕ್ಕೆ ಮುಂಚೆ ಏನಿತ್ತು? ಹರಕೆ ಇತ್ತು. ಶಿರಾ ತಾಲ್ಲೂಕಿನ ಜುಂಜಪ್ಪನ ಗುಡ್ಡೆಗೆ ಹೋದವರಿಗೆ ಗೊತ್ತು, ದನಕರು ಕಾಯೋ ದೈವ ಅಂದ್ರೆ ಕಾಡುಗೊಲ್ಲರಿಗೆ ಜುಂಜಪ್ಪ. ಇನ್ನೊಂದು ಉಪಾಯ, ಕುರಿಗಳನ್ನ ಪಾಲಿಗೆ ಬಿಡೋದು. ಒಂದು ಮಂದೆಗೆ ರೋಗ ಬಂದ್ರೂ ಇನ್ನೊಂದು ಮಂದೇಲಿ ನಾಲ್ಕು ಉಳೀತವೆ.
ಮೈಸೂರು ಸಂಸ್ಥಾನ 1891ರಲ್ಲೇ ತನ್ನ ನೌಕರರಿಗೆ ಜೀವ ವಿಮೆ ಶುರು ಮಾಡಿತ್ತು. ಅದೇ ಸಂಸ್ಥಾನದ ಜೆ. ಎಸ್. ಚಕ್ರವರ್ತಿ 1920ರಲ್ಲಿ ಕೃಷಿ ವಿಮೆ ಬಗ್ಗೆ ಪುಸ್ತಕಾನೇ ಬರೆದರು. ಮಳೆ ಇಂತಿಷ್ಟಕ್ಕಿಂತ ಕಮ್ಮಿ ಆದರೆ ಆ ಪ್ರದೇಶದ ರೈತರಿಗೆ ಹಣ ಕೊಡಬೇಕು ಅನ್ನೋದು ಅವರ ಯೋಚನೆ. ಆದರೆ ಅದು ಬೆಳೆಯ ಮಾತು. ಕೊಟ್ಟಿಗೆ ಬಾಗಿಲಿಗೆ ವಿಮೆ ಬರೋಕೆ ಇನ್ನೂ ಐವತ್ತು ವರ್ಷ ಬೇಕಾಯ್ತು.

(3/6)
1973ರ ಹೊತ್ತಿಗೆ ಸಾಮಾನ್ಯ ವಿಮಾ ಕಂಪನಿಗಳೆಲ್ಲ ಸರ್ಕಾರದ ಕೈಗೆ ಬಂದು ನಾಲ್ಕು ಕಂಪನಿಗಳಾದವು. ಅದೇ ಕಾಲದಲ್ಲಿ ಸಣ್ಣ ರೈತರಿಗೆ ಹಸು ಕೊಳ್ಳೋಕೆ ಬ್ಯಾಂಕ್ ಸಾಲ ಸಿಗೋಕೆ ಶುರುವಾಯ್ತು. ಸಾಲದ ಹಸುವಿಗೆ ವಿಮೆ ಕಡ್ಡಾಯ. ಇಲ್ಲೊಂದು ಸೂಕ್ಷ್ಮ ಇದೆ ನೋಡಿ: ಹಸು ಸತ್ತರೆ ಆ ಹಣ ಮೊದಲು ಸಾಲಕ್ಕೆ ಜಮಾ. ಅಂದ್ರೆ ವಿಮೆ ಕಾಯ್ತಾ ಇದ್ದದ್ದು ಹಸುವಿಗಿಂತ ಹೆಚ್ಚಾಗಿ ಸಾಲವನ್ನ. ವಿಮೆ ಅಂದ್ರೆ ಬ್ಯಾಂಕಿನೋರ ಕೆಲಸ ಅಂತ ನಮ್ಮಜ್ಜಿ ಇವತ್ತಿಗೂ ಅನ್ನೋದು ಸುಮ್ಮನೆ ಅಲ್ಲ.

(4/6)
2005-06ರಲ್ಲಿ ಕೇಂದ್ರ ಸರ್ಕಾರ 100 ಜಿಲ್ಲೆಗಳಲ್ಲಿ ಪ್ರಾಯೋಗಿಕವಾಗಿ ಜಾನುವಾರು ವಿಮಾ ಯೋಜನೆ ತಂತು. ಅರ್ಧ ಪ್ರೀಮಿಯಂ ಸರ್ಕಾರದ್ದು. ಆದರೆ ಅದು ಹೆಚ್ಚು ಹಾಲು ಕೊಡೋ ಹಸು, ಎಮ್ಮೆಗೆ ಮಾತ್ರ. ಕುರಿ ಕಾಯೋ ನಮ್ಮ ಸೀಮೆಗೆ ಅದರಿಂದ ಏನು ಬಂತು? 2014ರ ರಾಷ್ಟ್ರೀಯ ಜಾನುವಾರು ಮಿಷನ್‌ನಲ್ಲಿ ಕುರಿ, ಮೇಕೆಗೂ ಜಾಗ ಸಿಕ್ತು. 10 ಕುರಿ ಅಂದ್ರೆ ಒಂದು ಯೂನಿಟ್, ಒಂದು ಮನೆಗೆ 5 ಯೂನಿಟ್. 2024ರಲ್ಲಿ ಕುರಿ, ಮೇಕೆಗೆ ಅದು 10 ಯೂನಿಟ್ ಆಯ್ತು, ಸಾಕೋರು ಕಟ್ಟಬೇಕಾದ ಪಾಲು ಪ್ರೀಮಿಯಂನ 15%ಗೆ ಇಳೀತು.
ಇದರ ಪಕ್ಕದಲ್ಲೇ ರಾಜ್ಯ ಸರ್ಕಾರದ 'ಅನುಗ್ರಹ' ಇದೆ. ಆಕಸ್ಮಿಕವಾಗಿ ಸತ್ತ ಕುರಿ, ಮೇಕೆಗೆ ಪರಿಹಾರ. ಅದು ವಿಮೆ ಅಲ್ಲ, ಪ್ರೀಮಿಯಂ ಇಲ್ಲ. ಎರಡನ್ನೂ ಒಂದೇ ಅಂದ್ಕೋಬೇಡಿ.

(5/6)
ಈಗ ನಾಯಿಗೆ ಬರೋಣ. ಸ್ವೀಡನ್‌ನಲ್ಲಿ 1924ರಲ್ಲೇ ನಾಯಿಗೆ ವಿಮೆ ಇತ್ತು. ಅಮೆರಿಕದಲ್ಲಿ 1982ರಲ್ಲಿ ಮೊದಲ ಪಾಲಿಸಿ ಸಿಕ್ಕಿದ್ದು ಟಿವಿ ನಾಯಿ ಲ್ಯಾಸ್ಸಿಗೆ. ನಾಯಿ ಪಾಲಿಸಿ ಆಸ್ಪತ್ರೆ ಖರ್ಚನ್ನೂ ನೋಡುತ್ತೆ. ನಮ್ಮ ಹಸುವಿನ ಪಾಲಿಸಿ ಹಣ ಕೊಡೋದು ಮುಖ್ಯವಾಗಿ ಸತ್ತ ಮೇಲೆ. ಒಂದು ಜೀವ ಉಳಿಸೋಕೆ, ಇನ್ನೊಂದು ನಷ್ಟ ತುಂಬೋಕೆ.
ಹಾಗಾದ್ರೆ ಗೌರಿಗೆ ಹೆಲ್ತ್ ಇನ್ಶೂರೆನ್ಸ್ ಯಾವುದು? ಲಸಿಕೆ! ಊರೂರು ಖಾಲಿ ಮಾಡ್ತಿದ್ದ ದೊಡ್ಡ ರೋಗ 2011ರಲ್ಲಿ ಇಡೀ ಪ್ರಪಂಚದಿಂದಲೇ ಹೋಯ್ತು, ಲಸಿಕೆ ಹಾಕಿ ಹಾಕಿ. 2013ರಲ್ಲಿ ಕಾಲುಬಾಯಿ ಜ್ವರ, 2022ರಲ್ಲಿ ಚರ್ಮಗಂಟು ರೋಗ ಬಂದಾಗ ಎಷ್ಟು ಕೊಟ್ಟಿಗೆ ಖಾಲಿಯಾದವು ಅಂತ ಮನೇಲಿ ಕೇಳಿ ನೋಡಿ.

(6/6)
ಗೌರಿಗಿಂತ ಮುಂಚೆ ನಮ್ಮನೇಲಿ ಲಕ್ಷ್ಮಿ ಇದ್ದಳು. ವಿಮೆ ಇತ್ತು. ಓಲೆ ಯಾವಾಗಲೋ ಮುಳ್ಳುಬೇಲಿಗೆ ಸಿಕ್ಕಿ ಬಿದ್ದುಹೋಗಿತ್ತು, ನಾವು ಯಾರಿಗೂ ಹೇಳಲಿಲ್ಲ. ಸತ್ತಾಗ ಅತ್ಕೊಂಡೇ ಗುಂಡಿ ತೆಗೆದು ಮಣ್ಣು ಮಾಡಿದ್ವಿ. ಆಮೇಲೆ ಗೊತ್ತಾಯ್ತು: ಓಲೆ ಇಲ್ಲ, ಮರಣೋತ್ತರ ಪರೀಕ್ಷೆ ಇಲ್ಲ, ಹಣಾನೂ ಇಲ್ಲ. ತಪ್ಪು ನಮ್ಮದೇ. ಪಾಲಿಸಿ ಓದಿದವರು ಮನೇಲಿ ಒಬ್ಬರೂ ಇರಲಿಲ್ಲ.

ಅದಕ್ಕೇ, ಹಸುವಾಗಲಿ ನಾಯಿಯಾಗಲಿ, ಸಹಿ ಹಾಕೋ ಮುಂಚೆ ಐದು ಪ್ರಶ್ನೆ ಕೇಳಿ:
• ಸತ್ತರೆ ಮಾತ್ರನಾ, ಕಾಯಿಲೆ ಖರ್ಚಿಗೂ ಉಂಟಾ?
• ಪ್ರಾಣಿಯ ಬೆಲೆ ಎಷ್ಟು ಅಂತ ಬರೆದಿದ್ದಾರೆ?
• ಪಾಲಿಸಿ ಶುರುವಾದ ಮೇಲೆ ಎಷ್ಟು ದಿನ ಕಾಯಬೇಕು?
• ಯಾವ ಕಾಯಿಲೆ, ಯಾವ ವಯಸ್ಸು ಇದರಲ್ಲಿ ಸೇರಲ್ಲ?
• ಓಲೆ ಬಿದ್ದರೆ, ಪ್ರಾಣಿ ಸತ್ತರೆ, ಮೊದಲು ಯಾರಿಗೆ ಫೋನ್ ಮಾಡಬೇಕು?

ನಿಮ್ಮ ಮನೇಲಿ ಈ ಪೇಪರ್ ಓದಬಲ್ಲವರು ಬಹುಶಃ ನೀವೇ. ಇವತ್ತು ಸಂಜೆ ಕೊಟ್ಟಿಗೆಗೆ ಹೋಗಿ, ಓಲೆ ಕಿವೀಲಿ ಇದೆಯಾ ನೋಡಿ. ಇದ್ದರೆ ಒಂದು ಫೋಟೋ ತೆಗೆದಿಟ್ಕೊಳ್ಳಿ, ನಂಬರ್ ಕಾಣೋ ಹಾಗೆ.

#ನಮ್ಮೂರಇತಿಹಾಸ #ಮಧುಗಿರಿ #ಶಿರಾ #ಕೊರಟಗೆರೆ #ಪಾವಗಡ